ಹಳೇ ಹಾಯಿ ಹಡಗಿನಲ್ಲಿ ತರಬೇತಿ ಪಯಣ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಯಿ ಹಡಗಿನಲ್ಲಿ ಕೆಲಸ ಕಲಿಯಲು ಹೋಗಿ ಬಂದಿದ್ದೇನೆ ಅಂತ ಗೊತ್ತಾದ ಮೇಲೆ ಕುಂಬಳೆ, ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯ ಹುಡುಗರು, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರು, ಅದೇ ಪ್ರಶ್ನೆಗಳನ್ನು ತಿರುಗಿ ತಿರುಗಿ ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಬಡಿಸುವ ಹೊತ್ತಿಗೂ ಕೇಳುತ್ತಾರೆ. ಅದಕ್ಕೇ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಏಜೆಂಟ್ ಅಲ್ಲ. ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ. ಯಾವ ಹಡಗಿನವರೂ ನನಗೆ ಕಮಿಷನ್ ಕೊಡುವುದಿಲ್ಲ.

ಇದು ಟೂರಾ, ಕೋರ್ಸಾ, ಕೆಲಸವಾ?

ಮೂರೂ ಸ್ವಲ್ಪ ಸ್ವಲ್ಪ. ಹಡಗಿನಲ್ಲಿ ಖಾಯಂ ಸಿಬ್ಬಂದಿ ಕಡಿಮೆ: ಕ್ಯಾಪ್ಟನ್, ಅವರ ಕೈಕೆಳಗಿನ ಅಧಿಕಾರಿಗಳಾದ ಮೇಟ್‌ಗಳು, ಎಂಜಿನಿಯರ್, ಅಡುಗೆಯವರು, ಒಂದಿಷ್ಟು ನುರಿತ ಡೆಕ್ ಕೆಲಸದವರು. ಉಳಿದ ಕೈಗಳೆಲ್ಲ ಟ್ರೇನಿಗಳದ್ದು, ಅಂದರೆ ನಿಮ್ಮದು. ಹಾಯಿ ಎಳೆಯುವುದು, ಚುಕ್ಕಾಣಿ ಹಿಡಿಯುವುದು, ನಡುರಾತ್ರಿ ಎದ್ದು ಕಾವಲು ನಿಲ್ಲುವುದು, ಡೆಕ್ ಉಜ್ಜುವುದು, ಪಾತ್ರೆ ತೊಳೆಯುವುದು, ಶೌಚಾಲಯ ತೊಳೆಯುವುದು, ಎಲ್ಲಾ. ಇಷ್ಟೆಲ್ಲ ಮಾಡುವುದಕ್ಕೆ ದುಡ್ಡು ಕೊಡುವುದು ನೀವೇ!

ಇದನ್ನು ಕೇಳಿದ ನಮ್ಮ ದೊಡ್ಡಮ್ಮ "ಅಷ್ಟು ದುಡ್ಡು ಕೊಟ್ಟು ಕಕ್ಕಸು ತೊಳೆಯುವುದಾದರೆ ಇಲ್ಲೇ ತೊಳಿ" ಅಂದಿದ್ದರು. ತಪ್ಪೇನಿಲ್ಲ. ಆ ಮಾತು ಕೇಳಿ ನಗು ಬಂದರೆ ಮುಂದೆ ಓದಿ, ಸಿಟ್ಟು ಬಂದರೆ ಕ್ರೂಸ್ ಹಡಗಿನ ಟಿಕೆಟ್ ತಗೊಳ್ಳಿ. ಅದು ಬೇರೆ ಲೋಕ.

ಹಳೇ ಹಡಗು ಅಂದರೆ ಎಷ್ಟು ಹಳೇದು? ತೂತು ಗೀತು ಇರಲ್ವಾ?

ನೂರು ವರ್ಷ ದಾಟಿದ ಹಡಗುಗಳೂ ಉಂಟು. ನಾರ್ವೆಯ ಬೆರ್ಗೆನ್ ಊರಿನ ಸ್ಟಾಟ್ಸ್‌ರಾಡ್ ಲೆಮ್‌ಕುಲ್ 1914ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಮೂರು ಕೂವೆಯ, ಅಂದರೆ ಹಾಯಿ ಕಟ್ಟುವ ಮೂರು ಕಂಬದ, ಹಡಗು. ರಾಟರ್‌ಡ್ಯಾಮ್‌ನ ಓಸ್ಟರ್‌ಸ್ಕೆಲ್ಡೆ 1918ರದ್ದು. ಮೊದಲು ಸರಕು ಸಾಗಿಸುತ್ತಿತ್ತು, ಆಮೇಲೆ ಕೂವೆ ಕಳಚಿ ಎಂಜಿನ್ ಹಡಗಾಯಿತು, 1990ರ ದಶಕದಲ್ಲಿ ಮತ್ತೆ ಹಾಯಿ ಏರಿಸಿಕೊಂಡಿತು. ಪಿಕ್ಟನ್ ಕ್ಯಾಸಲ್ ಅನ್ನುವುದು 1928ರಲ್ಲಿ ಮೀನಿನ ಟ್ರಾಲರ್ ಆಗಿ ಹುಟ್ಟಿದ್ದು, ಈಗ ಚೌಕ ಹಾಯಿ ಹೊತ್ತು ಟ್ರೇನಿಗಳನ್ನು ಕೂರಿಸಿಕೊಂಡು ಪ್ರಪಂಚ ಸುತ್ತಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಸಿಡ್ನಿಯ ಜೇಮ್ಸ್ ಕ್ರೇಗ್‌ದು. 1874ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನಲ್ಲಿ ಕಟ್ಟಿದ ಕಬ್ಬಿಣದ ಹಡಗು. ಸರಕು ಹೊತ್ತು ಹೊತ್ತು ಸುಸ್ತಾಗಿ ಕೊನೆಗೆ ಕಲ್ಲಿದ್ದಲು ತುಂಬಿಡುವ ಬರೀ ಒಡಲಾಯಿತು. ಆಮೇಲೆ ಟಾಸ್ಮೇನಿಯಾದ ಒಂದು ಕೊಲ್ಲಿಯಲ್ಲಿ ಬಿಟ್ಟು ಹೋದರು. ಅಲ್ಲೇ ದಶಕಗಟ್ಟಲೆ ಅರ್ಧ ಮುಳುಗಿ ಕೂತಿತ್ತು. 1972ರಲ್ಲಿ ಸಿಡ್ನಿಯ ಒಂದಷ್ಟು ಸ್ವಯಂಸೇವಕರು ಹೋಗಿ, ತೂತು ಮುಚ್ಚಿ, ನೀರು ತೆಗೆದು, ಅದನ್ನು ತೇಲಿಸಿದರು. ಮತ್ತೆ ಹಾಯಿ ಬಿಚ್ಚಿ ಸಮುದ್ರಕ್ಕೆ ಇಳಿಯುವ ಹೊತ್ತಿಗೆ ಎರಡೂವರೆ ದಶಕ ದಾಟಿತ್ತು. ತೇಲಿಸಲು ಹೋದವರಲ್ಲಿ ಎಷ್ಟೋ ಜನರ ತಲೆ ಅಷ್ಟರಲ್ಲಿ ಬೆಳ್ಳಗಾಗಿರಬೇಕು.

ತೂತಿನ ವಿಷಯ. ಟ್ರೇನಿಗಳನ್ನು ಹತ್ತಿಸಿಕೊಳ್ಳುವ ಹಡಗಿಗೆ ತಪಾಸಣೆ, ಸರ್ಟಿಫಿಕೇಟ್, ಲೈಫ್ ರಾಫ್ಟ್, ರೇಡಿಯೋ, ಎಂಜಿನ್ ಎಲ್ಲ ಇರುತ್ತದೆ. ಹೊರಗಿಂದ ನೋಡಿದರೆ ಅಜ್ಜನ ಕಾಲದ್ದು, ಒಳಗೆ ಜಿಪಿಎಸ್ಸೂ ರೇಡಾರೂ ಉರಿಯುತ್ತಿರುತ್ತವೆ. ಹಳೇ ಹಡಗಿನ ಹಲಗೆಯಲ್ಲೋ ತಗಡಿನಲ್ಲೋ ಎಷ್ಟು ಭಾಗ ನಿಜವಾಗಿ ಹಳೇದು ಅಂತ ಕೇಳಬೇಡಿ. ಆ ಜಗಳ ಬಂದರಿನ ಚಹಾ ಅಂಗಡಿಯಲ್ಲಿ ಮುಗಿದದ್ದೇ ಇಲ್ಲ.

ನಮ್ಮ ದೇಶದಲ್ಲೇ ಇಂಥದ್ದು ಇಲ್ವಾ?

ಉಂಟು, ಆದರೆ ನೌಕಾಪಡೆಯದ್ದು. ಐಎನ್‌ಎಸ್ ತರಂಗಿಣಿ 1997ರಲ್ಲಿ ಸೇವೆಗೆ ಬಂದದ್ದು. ಗೋವಾ ಶಿಪ್‌ಯಾರ್ಡಿನವರು ಕಟ್ಟಿದ್ದು, 2003-04ರಲ್ಲಿ ಭೂಮಿ ಸುತ್ತಿ ಬಂತು. ಅದರ ತಂಗಿ ಐಎನ್‌ಎಸ್ ಸುದರ್ಶಿನಿ 2012ರದ್ದು. ಎರಡರ ನೆಲೆಯೂ ಕೊಚ್ಚಿ, ನಮಗೆ ಒಂದು ರಾತ್ರಿಯ ರೈಲು. ಎರಡೂ ಹಳೇ ಮಾದರಿಯಲ್ಲಿ ಹೊಸದಾಗಿ ಕಟ್ಟಿದವು, ಜೀರ್ಣೋದ್ಧಾರ ಮಾಡಿದವಲ್ಲ. ಅಲ್ಲಿ ಕಲಿಯುವವರು ನೌಕಾಪಡೆಯ ಕೆಡೆಟ್‌ಗಳು. ನೀವೂ ನಾನೂ ಹೋಗಿ ಫೀಸು ಕಟ್ಟಿ ಹತ್ತುವಂತಿಲ್ಲ.

ಇನ್ನೊಂದು ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾದ ಒಂದು ಚಿತ್ರ ನೋಡಿ, ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಡಗು. ಕಟ್ಟಿದವರು ಕೇರಳದ ಕುಶಲಕರ್ಮಿಗಳು, ಕಟ್ಟಿದ ಜಾಗ ಗೋವಾ, ನೌಕಾಪಡೆಗೆ ಸೇರಿದ್ದು ನಮ್ಮ ಕಾರವಾರದಲ್ಲಿ, 2025ರ ಮೇ 21ಕ್ಕೆ. ಎಂಜಿನ್ ಇಲ್ಲ. ಅದೇ ವರ್ಷ ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಹೊರಟು ಜನವರಿ ನಡುವಿಗೆ ಮಸ್ಕತ್ ಮುಟ್ಟಿತು.

ಕಾಲೇಜಿನಲ್ಲಿರುವವರಿಗೆ ಒಂದು ಸುಲಭ ದಾರಿ ಉಂಟು: ಎನ್‌ಸಿಸಿಯ ನೌಕಾ ವಿಭಾಗ. ಅಲ್ಲಿ ವೇಲರ್ ದೋಣಿಯಲ್ಲಿ ಹುಟ್ಟು ಹಾಕುವುದು, ಹಾಯಿ ಕಟ್ಟುವುದು ಕಲಿಸುತ್ತಾರೆ. ದುಡ್ಡಿಲ್ಲದೆ ಹಾಯಿಯ ರುಚಿ ನೋಡಲು ಅದಕ್ಕಿಂತ ಒಳ್ಳೇದು ನಮ್ಮ ಕಡೆ ಇಲ್ಲ.

ಹಾಗಾದರೆ ನಮ್ಮ ಕರಾವಳಿಯ ಹಳೇ ಹಡಗುಗಳು ಏನಾದವು?

ಇದನ್ನು ಕೇಳುವವರು ಕಡಿಮೆ, ಕೇಳಿದರೆ ನನಗೆ ಖುಷಿ. ಮಂಜಿ, ಮಚ್ವೆ, ಪತ್ತೆಮಾರಿ ಅಂತ ಅಜ್ಜಂದಿರು ಹೇಳುತ್ತಿದ್ದ ಹಾಯಿ ಹಡಗುಗಳು ಈ ಕಡಲಲ್ಲಿ ಓಡಾಡುತ್ತಿದ್ದವು. ಮಂಗಳೂರು ಹೆಂಚು, ಅಕ್ಕಿ, ಉಪ್ಪು, ಮರ, ತೆಂಗಿನಕಾಯಿ, ಒಣಮೀನು ಎಲ್ಲ ಅದರಲ್ಲೇ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಕರಾವಳಿ ಉದ್ದಕ್ಕೂ ಹರಡಿದ್ದು ಹಡಗಿನ ಬೆನ್ನ ಮೇಲೆ. ಲಾರಿ ಬಂತು, ರಸ್ತೆ ಬಂತು, ಎಂಜಿನ್ ಬಂತು. ಹಾಯಿ ಇಳಿಯಿತು. ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳನ್ನು ಮಂಗಳೂರಿನ ಹಳೇ ಬಂದರಿನಲ್ಲಿ ಈಗಲೂ ನೋಡಬಹುದು, ಆದರೆ ಓಡುವುದು ಡೀಸೆಲಿನಲ್ಲಿ.

ಕೋಝಿಕ್ಕೋಡಿನ ಹತ್ತಿರದ ಬೇಪೂರಿನಲ್ಲಿ ಉರು, ಅಂದರೆ ಮರದ ದೊಡ್ಡ ಹಡಗು, ಕಟ್ಟುವ ಕಸುಬು ಉಳಿದಿದೆ. ಟಿಮ್ ಸೆವೆರಿನ್ ಎಂಬವರು 1980-81ರಲ್ಲಿ ಮಸ್ಕತ್‌ನಿಂದ ಚೀನಾದ ತನಕ ಹೊಲಿದ ಹಡಗಿನಲ್ಲಿ ಹೋದರಲ್ಲ, ಆ ಸೊಹಾರ್ ಹಡಗು ಕಟ್ಟಿದ್ದು ಒಮಾನಿನಲ್ಲಾದರೂ ಮರ ಹೋದದ್ದು ನಮ್ಮ ಮಲಬಾರ್ ಕಡೆಯಿಂದ. ತೆಂಗು, ಅಡಿಕೆಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರುವ ಊರಿನವರಿಗೆ ತೆಂಗಿನ ನಾರಿನ ಬಗ್ಗೆ ನಾನು ಪಾಠ ಹೇಳಬೇಕಾಗಿಲ್ಲ: ಉಪ್ಪು ನೀರಿಗೆ ಬೇಗ ಕೊಳೆಯುವುದಿಲ್ಲ, ತೇಲುತ್ತದೆ, ಎಳೆದರೆ ಸ್ವಲ್ಪ ಹಿಗ್ಗುತ್ತದೆ.

ಒಂದು ಹಳೇ ಮಂಜಿಗೆ ಮತ್ತೆ ಕೂವೆ ನಿಲ್ಲಿಸಿ ನಮ್ಮ ಹುಡುಗರಿಗೆ ಕಲಿಸುವಂತಾದರೆ ಎಷ್ಟು ಚೆನ್ನ ಅಲ್ವಾ? ಬೇಕಲ ಕೋಟೆ ನೋಡಲು ಬರುವವರ ಅರ್ಧ ಜನ ಬಂದರೂ ಖರ್ಚು ಹುಟ್ಟುತ್ತದೆ ಅಂತ ನನ್ನ ಲೆಕ್ಕ. ಈ ಮಾತು ಎತ್ತಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಯಾರೂ ಕೈ ಹಾಕುವುದಿಲ್ಲ.

ಈಜು ಬರಲೇಬೇಕಾ?

ಕೆಲವು ಹಡಗಿನವರು ಕಡ್ಡಾಯ ಅನ್ನುತ್ತಾರೆ, ಕೆಲವರು ಅನ್ನುವುದಿಲ್ಲ. ಬಂದರೆ ಒಳ್ಳೇದು. ಆದರೆ ಕೆರೆಯಲ್ಲಿ ಈಜಿದ ಧೈರ್ಯವನ್ನು ಉತ್ತರ ಸಮುದ್ರಕ್ಕೆ ತಗೊಂಡು ಹೋಗಬೇಡಿ. ಅಲ್ಲಿ ಬೇಸಿಗೆಯಲ್ಲೂ ನೀರು ಮೈ ಮರಗಟ್ಟಿಸುತ್ತದೆ, ಎಂಥ ಈಜುಗಾರನಿಗೂ ಮೊದಲು ಹೋಗುವುದು ಉಸಿರು, ಆಮೇಲೆ ಕೈಕಾಲು. ಅದಕ್ಕೇ ಅಲ್ಲಿ ಕಲಿಸುವುದು ಬೀಳದೇ ಇರುವುದನ್ನು. ಗಾಳಿ ಜೋರಾದರೆ ಡೆಕ್ ಉದ್ದಕ್ಕೂ ಹಗ್ಗ ಕಟ್ಟುತ್ತಾರೆ, ಮೈಗೆ ಕಟ್ಟಿಕೊಂಡ ಸುರಕ್ಷತಾ ಪಟ್ಟಿಯ (ಹಾರ್ನೆಸ್) ಕೊಕ್ಕೆ ಅದಕ್ಕೆ ಸಿಕ್ಕಿಸಿಕೊಂಡೇ ನಡೆಯಬೇಕು.

ಯಾರಾದರೂ ಬಿದ್ದರೆ ಏನು ಮಾಡಬೇಕು ಅಂತ ಮೊದಲ ದಿನವೇ ಅಭ್ಯಾಸ ಮಾಡಿಸುತ್ತಾರೆ. ಒಬ್ಬರ ಕೆಲಸ ಬಿದ್ದವರ ಕಡೆ ಕೈ ಚಾಚಿ ನಿಲ್ಲುವುದು, ಅಷ್ಟೇ. ಹಡಗು ಎಷ್ಟೇ ತಿರುಗಲಿ, ಅಕ್ಕಪಕ್ಕ ಏನೇ ಗದ್ದಲವಾಗಲಿ, ಆ ಬೆರಳೂ ಕಣ್ಣೂ ಅಲ್ಲಿಂದ ಕದಲಬಾರದು. ಅಲೆಗಳ ನಡುವೆ ಒಂದು ತಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತದೆ.

ಕೂವೆ ಮೇಲೆ ಹತ್ತಲೇಬೇಕಾ? ನನಗೆ ತಲೆ ತಿರುಗುತ್ತದೆ.

ಕಡ್ಡಾಯ ಇಲ್ಲ. ನಾನು ಕೇಳಿದ ಮಟ್ಟಿಗೆ ಯಾವ ಒಳ್ಳೇ ಹಡಗಿನಲ್ಲೂ ಒತ್ತಾಯ ಮಾಡುವುದಿಲ್ಲ. ಕೆಳಗೆ ಹಗ್ಗ ಎಳೆಯುವುದೇ ಬೇಕಾದಷ್ಟಿದೆ.

ಹತ್ತುವವರಿಗೆ: ಕೂವೆಯ ಎರಡೂ ಬದಿಗೆ ಬಿಗಿದ ದಪ್ಪ ಹಗ್ಗಗಳ ನಡುವೆ ಅಡ್ಡ ಮೆಟ್ಟಿಲು ಕಟ್ಟಿರುತ್ತಾರೆ. ಯಾವಾಗಲೂ ಗಾಳಿ ಬೀಸಿ ಬರುವ ಬದಿಯಿಂದಲೇ ಹತ್ತಬೇಕು, ಆಗ ಗಾಳಿಯೇ ನಿಮ್ಮನ್ನು ಏಣಿಗೆ ಒತ್ತಿ ಹಿಡಿಯುತ್ತದೆ. ಕೈಯಲ್ಲಿ ಹಿಡಿಯುವುದು ನೇರ ಹಗ್ಗ, ಕಾಲಿಡುವುದು ಅಡ್ಡ ಹಗ್ಗ. ಅಡ್ಡದ್ದು ಯಾವತ್ತಾದರೂ ಕಿತ್ತು ಬರಬಹುದು, ನೇರದ್ದು ಬರುವುದಿಲ್ಲ. ಅಡಿಕೆ ಮರ ಹತ್ತುವವರಿಗೆ ಇದು ಹೊಸತಲ್ಲ, ಮರದಿಂದ ಮರಕ್ಕೆ ತೂಗಿ ಹಾರುವ ನಮ್ಮ ಕೊಯ್ಲಿನವರನ್ನು ಆ ಹಡಗಿಗೆ ಕಳಿಸಿದರೆ ಮೇಟ್ ಎದ್ದು ನಿಂತು ನಮಸ್ಕಾರ ಹಾಕುತ್ತಾನೆ. ವ್ಯತ್ಯಾಸ ಒಂದೇ, ಈ ಮರ ನಿಲ್ಲುವುದಿಲ್ಲ, ಕೆಳಗೆ ಒಂದು ಗೇಣು ಓಲಾಡಿದರೆ ಮೇಲೆ ಎರಡು ಮಾರು ಓಲಾಡುತ್ತದೆ.

ಮೇಲೆ ಹೋದ ಮೇಲೆ, ಹಾಯಿ ಸುತ್ತಿಡಲು, ಹಾಯಿ ಕಟ್ಟಿದ ಅಡ್ಡಮರದ ಉದ್ದಕ್ಕೂ ಸರಿಯಬೇಕು. ಕಾಲ ಕೆಳಗೆ ಒಂದು ತೂಗಾಡುವ ಹಗ್ಗ ಮಾತ್ರ. ಪಕ್ಕದವರು ಕಾಲಿಟ್ಟರೆ ನಿಮ್ಮ ಪಾದ ಮೇಲೆ ಬರುತ್ತದೆ, ಅದಕ್ಕೇ ಕಾಲಿಡುವ ಮೊದಲು ಕೂಗಿ ಹೇಳುವುದು ರೂಢಿ. ಹೊಟ್ಟೆಯನ್ನು ಅಡ್ಡಮರಕ್ಕೆ ಒತ್ತಿ ಬಗ್ಗಿ, ಎರಡೂ ಕೈಯಲ್ಲಿ ಹಾಯಿಯನ್ನು ಮುಷ್ಟಿ ಮುಷ್ಟಿ ಎಳೆದು ಎದೆಯ ಕೆಳಗೆ ಒತ್ತಿಕೊಳ್ಳುತ್ತಾ ಬರಬೇಕು. ಒದ್ದೆ ಕ್ಯಾನ್ವಾಸು ಉಗುರು ಕೀಳುತ್ತದೆ. ಎಲ್ಲರೂ ಒಟ್ಟಿಗೆ ಎಳೆದರೆ ಸುರುಳಿ ಕೂರುತ್ತದೆ, ಒಬ್ಬ ಸುಮ್ನೆ ನಿಂತು ಫೋಟೋ ನೋಡಿಕೊಂಡರೆ ಅವನ ಎದುರಿಗಷ್ಟು ಉಬ್ಬಿ ನಿಲ್ಲುತ್ತದೆ, ಕೆಳಗಿನಿಂದ ಇಡೀ ಹಡಗಿಗೆ ಕಾಣಿಸುತ್ತದೆ.

ಅಷ್ಟೊಂದು ಹಗ್ಗ ಹೇಗೆ ನೆನಪಿಡುವುದು?

ಚೌಕ ಹಾಯಿಯ ದೊಡ್ಡ ಹಡಗಿನಲ್ಲಿ ನೂರಕ್ಕೂ ಜಾಸ್ತಿ ಹಗ್ಗ ಇರುತ್ತದೆ. ಸಾಮಾನ್ಯವಾಗಿ ಒಂದಕ್ಕೂ ಹೆಸರಿನ ಚೀಟಿ ಇರುವುದಿಲ್ಲ. ಆದರೆ ಪ್ರತಿ ಹಗ್ಗಕ್ಕೂ ಅದರದ್ದೇ ಜಾಗ ಉಂಟು, ಕತ್ತಲಲ್ಲಿ ಕೈ ಹಾಕಿದರೂ ಅಲ್ಲೇ ಸಿಗಬೇಕು. ಒಂದು ಕೂವೆಯ ಕ್ರಮ ಕಲಿತರೆ ಉಳಿದವೂ ಹೆಚ್ಚುಕಡಿಮೆ ಅದೇ ಕ್ರಮ. ಬಾಯಿಪಾಠ ಮಾಡಬೇಡಿ, ಹಗ್ಗ ಹಿಡಿದು ತಲೆ ಎತ್ತಿ ಅದು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಲ್ಲೇ ಹಿಂಬಾಲಿಸಿ.

ಕಟ್ಟುವುದು ಸುಲಭ. ಕಟ್ಟೆಯ ಮೇಲೆ ಮರದ್ದೋ ಕಬ್ಬಿಣದ್ದೋ ಪಿನ್ನುಗಳು ಸಾಲಾಗಿ ನಿಂತಿರುತ್ತವೆ. ಹಗ್ಗವನ್ನು ಪಿನ್ನಿನ ಬುಡಕ್ಕೆ ತಂದು, ಮೇಲೆ ಕೆಳಗೆ ಅಡ್ಡಡ್ಡ ಸುತ್ತಬೇಕು. ಕೊನೆಗೆ ಬಿಗಿ ಗಂಟು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಬೇಡಿ. ಗಾಳಿ ಏಕಾಏಕಿ ತಿರುಗಿದಾಗ ಆ ಹಗ್ಗ ಒಂದೇ ಏಟಿಗೆ ಬಿಚ್ಚಿ ಬರಬೇಕು. ಭಾರ ಇರುವ ಹಗ್ಗ ಬಿಡುವಾಗ ಪಿನ್ನಿನ ಮೇಲೆ ಒಂದು ಸುತ್ತು ಉಳಿಸಿಕೊಂಡೇ ಬಿಡಿ, ಇಲ್ಲದಿದ್ದರೆ ಅಂಗೈಯ ಚರ್ಮ ಹಗ್ಗದ ಜೊತೆ ಹೋಗುತ್ತದೆ. ಮಿಕ್ಕ ಹಗ್ಗವನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ ನೇತುಹಾಕುವುದು. ಹುರಿಯ ತಿರುವು ಹಾಗಿರುವುದರಿಂದ ಉಲ್ಟಾ ಸುತ್ತಿದರೆ ಸಿಕ್ಕಾಗುತ್ತದೆ.

ದಿನಚರಿ ಹೇಗಿರುತ್ತದೆ? ನಿದ್ದೆ ಸಿಗುತ್ತದಾ?

ಸಿಗುತ್ತದೆ, ತುಂಡು ತುಂಡಾಗಿ. ಎಲ್ಲರನ್ನೂ ಮೂರು ಗುಂಪು ಮಾಡಿ ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು ಕೊಡುವುದು ಸಾಮಾನ್ಯ ಪದ್ಧತಿ. ಹನ್ನೆರಡರಿಂದ ನಾಲ್ಕು, ನಾಲ್ಕರಿಂದ ಎಂಟು, ಎಂಟರಿಂದ ಹನ್ನೆರಡು. ಕೆಲವು ಹಡಗಿನಲ್ಲಿ ಸಂಜೆ ನಾಲ್ಕರಿಂದ ಎಂಟನ್ನು ಎರಡೆರಡು ಗಂಟೆಯಾಗಿ ಒಡೆಯುತ್ತಾರೆ, ಆಗ ದಿನಾ ಒಂದೇ ಗುಂಪಿಗೆ ನಡುರಾತ್ರಿಯ ಪಾಳಿ ಬೀಳುವುದಿಲ್ಲ. ಬಿಡುವು ಅಂದರೂ ಪೂರ್ತಿ ಬಿಡುವಲ್ಲ, ಹಾಯಿ ಬದಲಿಸಬೇಕಾದರೆ ಎಲ್ಲರನ್ನೂ ಎಬ್ಬಿಸುತ್ತಾರೆ.

ಪಾಳಿಯೊಳಗೆ ಒಬ್ಬರು ಚುಕ್ಕಾಣಿಗೆ, ಒಬ್ಬರು ಮುಂದೆ ಕಾವಲಿಗೆ, ಒಬ್ಬರು ಹಡಗಿನೊಳಗೆ ಸುತ್ತು ಹಾಕಿ ಬೆಂಕಿ, ನೀರು ನೋಡಲಿಕ್ಕೆ. ಚುಕ್ಕಾಣಿ ಹಿಡಿದಾಗ ಎಲ್ಲ ಹೊಸಬರೂ ಮಾಡುವುದು ಒಂದೇ. ತಿರುಗಿಸುತ್ತಾರೆ, ಹಡಗು ಅಲುಗುವುದಿಲ್ಲ, ಇನ್ನಷ್ಟು ತಿರುಗಿಸುತ್ತಾರೆ, ಅಷ್ಟರಲ್ಲಿ ಮೊದಲು ತಿರುಗಿಸಿದ್ದರ ಫಲ ಬಂದು ದಿಕ್ಸೂಚಿ ಗಿರ್ರನೆ ಸರಿಯುತ್ತದೆ. ದೊಡ್ಡ ಹಡಗು ನಿಧಾನಕ್ಕೆ ಕೇಳುತ್ತದೆ, ನಿಧಾನಕ್ಕೆ ನಿಲ್ಲುತ್ತದೆ. ಸ್ವಲ್ಪ ಕೊಡಿ, ಕಾಯಿರಿ, ಅದು ತಿರುಗಲು ಶುರು ಮಾಡಿದ ತಕ್ಷಣ ವಾಪಸ್ ತನ್ನಿ.

ವಾಂತಿ ಬರುತ್ತದಾ?

ಬರುತ್ತದೆ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಒಗ್ಗುತ್ತದೆ. ವರ್ಷಗಟ್ಟಲೆ ಕಡಲಲ್ಲಿರುವವರಿಗೂ ಬರುವುದುಂಟು, ನಾಚಿಕೆ ಬೇಡ. ಹೊಟ್ಟೆ ತೊಳಸುವ ಮೊದಲೇ ಮಾತ್ರೆ ತಗೊಳ್ಳಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ. ಅವೋಮಿನ್ ಥರದ ಮಾತ್ರೆಗೆ ನಿದ್ದೆ ಬರುತ್ತದೆ, ಮೇಲೆ ಹತ್ತುವಾಗ ಅದು ಅಪಾಯ, ಆದ್ದರಿಂದ ಹೋಗುವ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಒಳಗೆ ಮಲಗುವುದಕ್ಕಿಂತ ಹೊರಗೆ ಗಾಳಿಯಲ್ಲಿ ನಿಂತು ದೂರದ ದಿಗಂತ ನೋಡುವುದು ವಾಸಿ. ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು. ಒಣ ಬಿಸ್ಕೆಟ್, ಶುಂಠಿ, ಗುಟುಕು ಗುಟುಕು ನೀರು.

ಮತ್ತೆ, ಗಾಳಿ ಹೋಗುವ ಬದಿಗೆ ಬಗ್ಗಿ. ಬರುವ ಬದಿಗೆ ಬಗ್ಗಿದವರನ್ನು ಆ ಪಾಳಿಯವರು ಜನ್ಮದಲ್ಲಿ ಮರೆಯುವುದಿಲ್ಲ.

ಊಟ? ನಾವು ಸಸ್ಯಾಹಾರಿಗಳು.

ಮೊದಲೇ ಬರೆದು ತಿಳಿಸಿದರೆ ಸಸ್ಯಾಹಾರ ಕೊಡುತ್ತಾರೆ, ಈಗ ಯುರೋಪಿನಲ್ಲಿ ಅದೇನೂ ವಿಚಿತ್ರ ಅಲ್ಲ. ಬೇರೆ ಪಾತ್ರೆ, ಬೇರೆ ಸೌಟು ಅನ್ನುವ ಮಟ್ಟದ ಮಡಿ ಮಾತ್ರ ಹಡಗಿನ ಅಡುಗೆಮನೆಯಲ್ಲಿ ನಡೆಯುವುದಿಲ್ಲ, ಅದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ. ಬ್ರೆಡ್, ಸೂಪ್, ಆಲೂಗಡ್ಡೆ, ಗಂಜಿಯ ಥರದ ಓಟ್ಸ್ ಇರುತ್ತದೆ. ನಮ್ಮ ಕುಚ್ಚಲಕ್ಕಿ ಕನಸಲ್ಲಿ ಬರುತ್ತದೆ. ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ, ಸ್ವಲ್ಪ ಚಟ್ನಿಪುಡಿ ಭದ್ರವಾಗಿ ಕಟ್ಟಿಕೊಂಡು ಹೋಗಿ. ಚಟ್ನಿಪುಡಿ ಬ್ರೆಡ್ಡಿಗೆ ಹಾಕಿ ತಿಂದ ಬೇರೆ ದೇಶದ ಹುಡುಗರು ಅಡ್ರೆಸ್ ಕೇಳುತ್ತಾರೆ.

ಸ್ನಾನ, ಶೌಚ?

ಸಿಹಿನೀರು ಲೆಕ್ಕದ್ದು. ದಿನಾ ಎರಡು ಹೊತ್ತು ಸ್ನಾನ ಮರೆತುಬಿಡಿ. ಶೌಚಾಲಯ ಪಂಪ್ ಹೊಡೆಯುವಂಥದ್ದು, ತಿಂದು ಹೊರಬಂದದ್ದು ಬಿಟ್ಟು ಬೇರೆ ಏನೂ ಒಳಗೆ ಹಾಕಬಾರದು, ಅದು ಕಟ್ಟಿಕೊಂಡರೆ ಬಿಚ್ಚುವವರು ಯಾರು ಅಂತ ಮೇಲೇ ಹೇಳಿದ್ದೇನೆ.

ಹೆಣ್ಣುಮಕ್ಕಳನ್ನು ಕಳಿಸಬಹುದಾ?

ಕಳಿಸಬಹುದು. ಕೆಲವು ಹಡಗುಗಳಲ್ಲಿ ಮೇಟ್, ಕ್ಯಾಪ್ಟನ್ ಹೆಂಗಸರೇ ಇರುತ್ತಾರೆ. ನಮ್ಮ ನೌಕಾಪಡೆಯ ಆರು ಜನ ಮಹಿಳಾ ಅಧಿಕಾರಿಗಳು 2017-18ರಲ್ಲಿ ತಾರಿಣಿ ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರು. 2024ರ ಅಕ್ಟೋಬರಿನಲ್ಲಿ ಅದೇ ದೋಣಿಯಲ್ಲಿ ಇಬ್ಬರೇ ಹೊರಟು 2025ರ ಮೇ ಕೊನೆಗೆ ಗೋವಾಕ್ಕೆ ವಾಪಸಾದರು, ಅವರಲ್ಲಿ ದಿಲ್ನಾ ನಮ್ಮ ಪಕ್ಕದ ಕೋಝಿಕ್ಕೋಡಿನವರು.

ಕೇಳಬೇಕಾದ್ದನ್ನು ನಾಚಿಕೊಳ್ಳದೆ ಮೊದಲೇ ಕೇಳಿ: ಮಲಗುವ ಕೋಣೆ ಒಟ್ಟಿಗೆಯಾ ಬೇರೆಯಾ, ಬಂಕಿಗೆ ಪರದೆ ಉಂಟಾ, ದೂರು ಕೊಡಬೇಕಾದರೆ ಯಾರಿಗೆ, ಹದಿನೆಂಟು ತುಂಬದವರಿಗೆ ಏನು ನಿಯಮ. ನೆಟ್ಟಗೆ ನಡೆಸುವ ಹಡಗಿನವರ ಬಳಿ ಇದಕ್ಕೆಲ್ಲ ಬರೆದಿಟ್ಟ ಉತ್ತರ ಇರುತ್ತದೆ. ಉತ್ತರ ಕೊಡಲು ತಡವರಿಸಿದರೆ ಹುಡುಗನನ್ನೂ ಕಳಿಸಬೇಡಿ.

ಅಪಾಯ ಇಲ್ಲ ಅಂತ ಬರೆದು ಕೊಡಿ, ಅಮ್ಮನಿಗೆ ತೋರಿಸಬೇಕು.

ಬರೆದು ಕೊಡಲ್ಲ. ಅಪಾಯ ಉಂಟು. 1957ರಲ್ಲಿ ಜರ್ಮನಿಯ ಪಾಮಿರ್ ಅಟ್ಲಾಂಟಿಕ್‌ನಲ್ಲಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಒಳಗೆ ತುಂಬಿದ್ದ ಬಾರ್ಲಿ ಒಂದು ಬದಿಗೆ ಸರಿದಿತ್ತು. ಇದ್ದ 86 ಜನರಲ್ಲಿ ಉಳಿದವರು ಆರು, ಸತ್ತವರಲ್ಲಿ ಬಹಳಷ್ಟು ಕಲಿಯಲು ಬಂದಿದ್ದ ಹುಡುಗರು. 1984ರಲ್ಲಿ ಬರ್ಮುಡಾ ಹತ್ತಿರ ಮಾರ್ಕೇಸ್ ಎಂಬ ಹಳೇ ಹಡಗು ಬಿರುಗಾಳಿಗೆ ಮಗುಚಿ 19 ಜನ ಹೋದರು. 2012ರಲ್ಲಿ ಬೌಂಟಿ, ಸ್ಯಾಂಡಿ ಚಂಡಮಾರುತ ಬರುತ್ತಿದೆ ಅಂತ ಗೊತ್ತಿದ್ದೂ ಬಂದರು ಬಿಟ್ಟು ಹೊರಟು ಮುಳುಗಿತು. 2010ರಲ್ಲಿ ಬ್ರೆಜಿಲ್ ಆಚೆ ಕಾಂಕಾರ್ಡಿಯಾ ಮಗುಚಿದಾಗ ಮಾತ್ರ 64 ಜನರೂ ಲೈಫ್ ರಾಫ್ಟಿನಲ್ಲಿ ಉಳಿದರು. ಉಳಿಯಲು ಕಾರಣ ಅದೃಷ್ಟ ಒಂದೇ ಅಲ್ಲ, ಅಭ್ಯಾಸವೂ ಇತ್ತು.

ಈ ಪಟ್ಟಿ ಹೆದರಿಸಲಿಕ್ಕಲ್ಲ. ಪ್ರತಿ ದುರಂತದ ಹಿಂದೆ ಹಡಗಿನ ಸ್ಥಿರತೆ, ಮುಚ್ಚದೆ ಬಿಟ್ಟ ಬಾಗಿಲು, ಹವಾಮಾನ ಲೆಕ್ಕಿಸದ ತೀರ್ಮಾನ ಇಂಥದ್ದೇ ಕಾಣಿಸುತ್ತದೆ. ಆದ್ದರಿಂದ ನೀವು ಕೇಳಬೇಕಾದ್ದೂ ಅದನ್ನೇ. ಹಡಗು ಯಾವ ದೇಶದ ಬಾವುಟದ್ದು? ಎಷ್ಟು ಜನರಿಗೆ, ಎಲ್ಲಿಯ ತನಕ ಹೋಗಲು ಸರ್ಟಿಫಿಕೇಟ್ ಉಂಟು? ಹವಾಮಾನ ಕೆಟ್ಟರೆ ವೇಳಾಪಟ್ಟಿ ಬಿಟ್ಟು ಬಂದರಿನಲ್ಲಿ ನಿಲ್ಲುತ್ತಾರಾ? "ಎಷ್ಟೇ ಗಾಳಿ ಇರಲಿ ನಾವು ಹೊರಟೇ ಹೊರಡುತ್ತೇವೆ" ಅಂತ ಹೆಮ್ಮೆಪಡುವ ಕ್ಯಾಪ್ಟನ್ನು ಬೇಡ.

ಖರ್ಚು ಎಷ್ಟು? ಚಿನ್ನ ಅಡವಿಡಬೇಕಾ?

ಖಂಡಿತ ಇಡಬೇಡಿ. ಹಡಗಿನಿಂದ ಹಡಗಿಗೆ, ಋತುವಿನಿಂದ ಋತುವಿಗೆ ದರ ಬದಲಾಗುತ್ತದೆ, ಇಲ್ಲಿ ಅಂಕಿ ಬರೆದರೆ ನಾಳೆಗೆ ಸುಳ್ಳಾಗುತ್ತದೆ. ಸಾಮಾನ್ಯವಾಗಿ ಫೀಸಿನಲ್ಲಿ ಬಂಕು, ಊಟ, ಕಲಿಕೆ ಸೇರಿರುತ್ತದೆ. ವಿಮಾನ, ವೀಸಾ, ಇನ್ಶೂರೆನ್ಸ್, ದಪ್ಪ ಬಟ್ಟೆ ನಿಮ್ಮದು. ನಮ್ಮಂಥವರಿಗೆ ಹಡಗಿನ ಫೀಸಿಗಿಂತ ಇದೇ ಹೊಡೆತ.

ವಯಸ್ಸು ಕಡಿಮೆ ಇದ್ದರೆ ರಿಯಾಯಿತಿ ಸಿಗುವ ಸಾಧ್ಯತೆ ಜಾಸ್ತಿ. 1956ರಲ್ಲಿ ಶುರುವಾದ, ದೊಡ್ಡ ಹಾಯಿ ಹಡಗುಗಳ ಪಂದ್ಯವಾದ ಟಾಲ್ ಶಿಪ್ಸ್ ರೇಸ್‌ಗಳ ನಿಯಮದಲ್ಲಿ ಹಡಗಿನ ಅರ್ಧ ಸಿಬ್ಬಂದಿ 15ರಿಂದ 25ರ ಒಳಗಿನವರಿರಬೇಕು, ಹಾಗಾಗಿ ಆ ಬೇಸಿಗೆಗಳಲ್ಲಿ ಹಡಗಿನವರೇ ಹುಡುಗರನ್ನು ಹುಡುಕುತ್ತಾರೆ. ನೆರವು ಕೊಡುವ ಟ್ರಸ್ಟುಗಳು ಹೆಚ್ಚಾಗಿ ತಮ್ಮ ದೇಶದ ಮಕ್ಕಳಿಗೇ ಕೊಡುವುದು, ಆದರೂ ಕೇಳುವುದಕ್ಕೆ ಕಾಸು ಬೇಡವಲ್ಲ. ನಲವತ್ತು ದಾಟಿದವರು? ಹೋಗಬಹುದು, ಪೂರ್ತಿ ದುಡ್ಡು ಕೊಟ್ಟು.

ವೀಸಾ?

ತಲೆನೋವು ಇಲ್ಲೇ. ನೆದರ್‌ಲ್ಯಾಂಡ್ಸ್, ನಾರ್ವೆಗೆ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ), ಬ್ರಿಟನ್ನಿಗೆ ಬೇರೆ. ಶೆಂಗೆನ್‌ನಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಹಡಗು ಒಂದು ದೇಶದಲ್ಲಿ ಹತ್ತಿಸಿ ಇನ್ನೊಂದರಲ್ಲಿ ಇಳಿಸುತ್ತದೆ, ನಡುವೆ ಶೆಂಗೆನ್ ಬಿಟ್ಟು ಹೊರಗೆ ಹೋಗಿ ಬರಬಹುದು. ಹಾಗಿದ್ದರೆ ಹಲವು ಸಲ ಒಳಬರುವ ವೀಸಾ ಬೇಕು. ನಿಮ್ಮನ್ನು ಬಂದರಿನಲ್ಲಿ ಸಿಬ್ಬಂದಿ ಅಂತ ತೋರಿಸುತ್ತಾರಾ, ಪ್ರಯಾಣಿಕ ಅಂತಲಾ? ಹಡಗಿನವರಿಂದ ಬರಹದಲ್ಲಿ ಪಡೆದುಕೊಂಡು ಅರ್ಜಿಗೆ ಲಗತ್ತಿಸಿ. ವೀಸಾ ಕೈಗೆ ಬರುವ ತನಕ ವಾಪಸ್ ಸಿಗದ ವಿಮಾನ ಟಿಕೆಟ್ ತಗೊಳ್ಳಬೇಡಿ.

ಇದರಿಂದ ಮರ್ಚೆಂಟ್ ನೇವಿಗೆ ಸೇರಲು ಸುಲಭ ಆಗುತ್ತದಾ?

ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿದ ಪ್ರಶ್ನೆ. ಇಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಮೋಸ ಹೋಗುವುದು. ಮರ್ಚೆಂಟ್ ನೇವಿಗೆ, ಅಂದರೆ ಸರಕು ಹಡಗುಗಳ ಕೆಲಸಕ್ಕೆ, ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಒಪ್ಪಿದ ಸಂಸ್ಥೆಯ ಕೋರ್ಸ್, ಎಸ್‌ಟಿಸಿಡಬ್ಲ್ಯು ಎಂಬ ಅಂತರರಾಷ್ಟ್ರೀಯ ನಿಯಮದ ಸುರಕ್ಷತಾ ತರಬೇತಿ, ನಾವಿಕರ ಗುರುತಿನ ಇಂಡೋಸ್ ನಂಬರು, ನಾವಿಕರ ದಾಖಲೆಯಾದ ಸಿಡಿಸಿ ಪುಸ್ತಕ ಬೇಕು. ಹಾಯಿ ಹಡಗಿನಲ್ಲಿ ಎರಡು ವಾರ ಹಗ್ಗ ಎಳೆದದ್ದಕ್ಕೆ ಸಿಗುವ ಚಂದದ ಸರ್ಟಿಫಿಕೇಟನ್ನು ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಬಹುದು. "ಸೇಲ್ ಟ್ರೇನಿಂಗ್ ಮಾಡಿದರೆ ಹಡಗಿನಲ್ಲಿ ಕೆಲಸ ಗ್ಯಾರಂಟಿ" ಅಂತ ಯಾರಾದರೂ ಫೋನ್ ಮಾಡಿದರೆ ಆ ನಂಬರನ್ನು ಬ್ಲಾಕ್ ಮಾಡಿ. ಉದುಮ, ಕೋಟಿಕುಳಂ ಕಡೆ ಎಷ್ಟೋ ಮಂದಿ ಮರ್ಚೆಂಟ್ ನೇವಿಯಲ್ಲಿದ್ದಾರೆ, ರಜೆಗೆ ಬಂದವರೊಬ್ಬರ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿದು ಕೇಳಿ. ಯಾವ ಏಜೆಂಟಿಗಿಂತಲೂ ಸರಿಯಾದ ದಾರಿ ಹೇಳುತ್ತಾರೆ.

ಕೆಲಸ ಸಿಗುವುದಿಲ್ಲ ಅಂದರೆ ಮತ್ತೆ ಯಾಕೆ ಹೋಗುವುದು ಅಂತೀರಾ? ಸಮುದ್ರದಲ್ಲಿ ಕೆಲಸ ಮಾಡುವ ಆಸೆ ನಿಜವಾ ಬರೀ ರೀಲ್ಸ್ ನೋಡಿ ಹುಟ್ಟಿದ್ದಾ ಅನ್ನುವುದು ಮೊದಲ ವಾರದಲ್ಲೇ ಗೊತ್ತಾಗುತ್ತದೆ, ಲಕ್ಷಗಟ್ಟಲೆ ಕೋರ್ಸ್ ಫೀಸು ಕಟ್ಟುವ ಮೊದಲು. ಮತ್ತೆ, ಭಾಷೆ ಬಾರದ ಇಪ್ಪತ್ತು ಜನರ ಜೊತೆ ಒಂದೇ ಹಗ್ಗ ಎಳೆಯುವುದು ನನಗೆ ಬಹಳ ಹಿಡಿಸಿತು. ಎಲ್ಲರಿಗೂ ಹಿಡಿಸಬೇಕಂತಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟವಾ?

ಇಲ್ಲ. ಡೆಕ್ಕಿನ ಇಂಗ್ಲಿಷು ಐವತ್ತು ಅರವತ್ತು ಮಾತುಗಳಲ್ಲಿ ಮುಗಿಯುತ್ತದೆ, ಅದನ್ನು ಇಂಗ್ಲಿಷರೂ ಹೊಸದಾಗಿಯೇ ಕಲಿಯಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುವ ನಮಗೆ ಇನ್ನೊಂದು ಭಾಷೆ ಭಾರವಲ್ಲ. ಅರ್ಥ ಆಗದ್ದನ್ನು ಅರ್ಥ ಆಯಿತು ಅಂತ ತಲೆ ಅಲ್ಲಾಡಿಸುವ ಅಭ್ಯಾಸ ಮಾತ್ರ ಬಿಡಿ. ಆಜ್ಞೆ ಕೇಳಿದರೆ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಬೇಕು, ಅದು ಅಲ್ಲಿಯ ನಿಯಮ.

ಯಾವ ತಿಂಗಳು ಒಳ್ಳೇದು?

ಉತ್ತರ ಯುರೋಪಿನಲ್ಲಿ ಮೇಯಿಂದ ಸೆಪ್ಟೆಂಬರ್. ಚಳಿಗಾಲಕ್ಕೆ ಕೆಲವು ಹಡಗುಗಳು ಕ್ಯಾನರಿ ದ್ವೀಪ, ಕೆರಿಬಿಯನ್ ಕಡೆ ಇಳಿಯುತ್ತವೆ. ನಮ್ಮಲ್ಲಿ ಪೂರ್ತಿ ಉಲ್ಟಾ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆದು ಮಳೆ ಹಿಡಿದರೆ ಕಡಲು ಮುಚ್ಚಿದ ಹಾಗೆ. ಈಗಲೂ ಕೇರಳದಲ್ಲಿ ಜುಲೈ 31ರ ತನಕ 52 ದಿನ ಟ್ರಾಲಿಂಗ್ ನಿಷೇಧ, ಗಡಿ ದಾಟಿದರೆ ಕರ್ನಾಟಕದಲ್ಲಿ 61 ದಿನ. ಹಾಯಿಯ ಕಾಲದಲ್ಲಿ ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿಯೇ ಮತ್ತೆ ಇಳಿಯುತ್ತಿದ್ದದ್ದು. ಡಿಸೆಂಬರಿನಿಂದ ಮಾರ್ಚ್ ತನಕ ಬೆಳಗ್ಗೆ ಮೂಡು ಗಾಳಿ ಹೊರಗೆ ದೂಡುತ್ತದೆ, ಮಧ್ಯಾಹ್ನದ ಮೇಲೆ ಪಡು ಗಾಳಿ ಮನೆಗೆ ತರುತ್ತದೆ. ಕಸಬಾ ಕಡಪ್ಪುರದ ಹಳಬರು ಈ ಎರಡು ಗಾಳಿಯ ಮೇಲೆಯೇ ಸಂಸಾರ ನಡೆಸಿದವರು.

ಏನು ತಗೊಂಡು ಹೋಗಬೇಕು?

ಚಕ್ರದ ಸೂಟ್‌ಕೇಸ್ ಬೇಡ, ಇಡಲು ಜಾಗ ಇಲ್ಲ. ಮಡಚಿ ತುರುಕಬಹುದಾದ ಬಟ್ಟೆಯ ಚೀಲ. ಉಣ್ಣೆಯ ಬಟ್ಟೆ, ಒದ್ದೆಯಾದರೂ ಬೆಚ್ಚಗಿರುತ್ತದೆ, ಜೀನ್ಸ್ ಆಗುವುದಿಲ್ಲ. ಜಾರದ ಶೂ ಎರಡು ಜೊತೆ. ಕೆಂಪು ಬೆಳಕಿನ ಹೆಡ್‌ಲ್ಯಾಂಪ್, ಬಿಳಿ ಬೆಳಕು ಹಾಕಿದರೆ ಕಾವಲಿನವರ ಕಣ್ಣು ಕುರುಡಾಗುತ್ತದೆ. ಒಂದು ಲುಂಗಿ, ಒಂದು ಬೈರಾಸು (ಟವೆಲ್): ಇಕ್ಕಟ್ಟಿನಲ್ಲಿ ಬಟ್ಟೆ ಬದಲಿಸುವ ಕಲೆ ನಮ್ಮವರಿಗೆ ಹುಟ್ಟಿನಿಂದ ಬಂದದ್ದು, ಉಳಿದವರು ಬಂಕಿನೊಳಗೆ ಒದ್ದಾಡುವುದನ್ನು ನೋಡಿ ಪಾಪ ಅನಿಸುತ್ತದೆ. ಉಂಗುರ, ಸರ ಮನೆಯಲ್ಲಿ ಬಿಡಿ. ಹಗ್ಗಕ್ಕೆ ಸಿಕ್ಕಿದರೆ ಬೆರಳೇ ಹೋಗುತ್ತದೆ.

ಮೊಬೈಲ್ ಸಿಗ್ನಲ್ ಬರುತ್ತದಾ?

ದಡದ ಹತ್ತಿರ ಮಾತ್ರ. ಹಡಗಿನಲ್ಲಿ ಸ್ಯಾಟಲೈಟ್ ಸಂಪರ್ಕ ಇದ್ದರೂ ಅದು ಕೆಲಸಕ್ಕೆ. ಮನೆಯವರಿಗೆ "ಫೋನ್ ಬರದಿದ್ದರೆ ಎಲ್ಲ ಸರಿ ಇದೆ ಅಂತ ಅರ್ಥ" ಅಂತ ಹೇಳಿ ಹೋಗಿ. ಅವರು ಒಪ್ಪುವುದಿಲ್ಲ, ಆದರೂ ಹೇಳಿ.

ಹೋಗುವ ಮೊದಲು ಊರಲ್ಲೇ ಏನು ಮಾಡಿಕೊಳ್ಳಬಹುದು?

ನಾಲ್ಕು ಗಂಟು ಕಲಿಯಿರಿ, ಕಣ್ಣು ಮುಚ್ಚಿ ಕಟ್ಟುವಷ್ಟು. ಬಿಚ್ಚುವುದನ್ನೂ ಕಲಿಯಿರಿ. ಈಜು ರೂಢಿಸಿಕೊಳ್ಳಿ. ಮಂಜೇಶ್ವರ ಇಲ್ಲವೇ ಕಾಸರಗೋಡು ಮೀನುಗಾರಿಕಾ ಬಂದರಿನಲ್ಲಿ ಪರಿಚಯದವರಿದ್ದರೆ, ಅವರು ಒಪ್ಪಿದರೆ, ಲೈಫ್ ಜಾಕೆಟ್ ಹಾಕಿಕೊಂಡು ಒಂದು ದಿನ ದೋಣಿಯಲ್ಲಿ ಹೋಗಿ ಬನ್ನಿ. ಅಡ್ಡ ಬರಬೇಡಿ, ಬಲೆ ಎಳೆಯುವಾಗ ಕೈ ಜೋಡಿಸಿ. ದುಡ್ಡು ಖರ್ಚು ಮಾಡಿ ವಿದೇಶದಲ್ಲಿ ತಿಳಿಯುವ ಸಂಗತಿಗಳಲ್ಲಿ ಅರ್ಧ ಅಲ್ಲೇ ತಿಳಿಯುತ್ತದೆ, ಮೇಲೆ ಪಲ್ಯಕ್ಕೆ ಬಂಗುಡೆಯೂ ಸಿಗುತ್ತದೆ.

ನೀವೇ ಅರ್ಜಿ ಬರೆದು ಕೊಡ್ತೀರಾ?

ಬರೆದು ಕೊಡಲ್ಲ. ನೀವು ಬರೆದದ್ದನ್ನು ಓದಿ ತಿದ್ದಿ ಕೊಡುತ್ತೇನೆ. "ನನಗೆ ಬಾಲ್ಯದಿಂದಲೂ ಸಾಗರವೆಂದರೆ ಅಪಾರ ಪ್ರೀತಿ" ಅಂತ ಶುರು ಮಾಡಬೇಡಿ, ಎಲ್ಲರೂ ಹಾಗೇ ಬರೆಯುತ್ತಾರೆ. ತೋಟದಲ್ಲಿ ಪಂಪ್ ರಿಪೇರಿ ಮಾಡಿದ್ದರೆ ಅದನ್ನು ಬರೆಯಿರಿ, ನೂರು ಜನಕ್ಕೆ ಅಡುಗೆ ಮಾಡಿದ್ದರೆ ಅದನ್ನು ಬರೆಯಿರಿ. ಭಾನುವಾರ ಬೆಳಗ್ಗೆ ಬನ್ನಿ. ಕ್ರಿಕೆಟ್ ಮ್ಯಾಚ್ ಇರುವ ದಿನ ಬೇಡ.